ರೇಷ್ಮೆ ಬಣ್ಣದ ನೀರಿಗೆ ಟೈಟಾನಿಯಂ ಪುಡಿ ಹಾಕಿ ಬಿಸಿಲಿಗಿಟ್ಟರೂ ಬಣ್ಣ ಹೋಗ್ತಿಲ್ಲ, ತಪ್ಪೆಲ್ಲಿದೆ?

ಮೊಳಕಾಲ್ಮೂರು ಮಗ್ಗ:

ಎಲ್ಲರಿಗೂ ನಮಸ್ಕಾರ. ಮೊಳಕಾಲ್ಮೂರಲ್ಲಿ ರೇಷ್ಮೆ ನೂಲಿಗೆ ಬಣ್ಣ ಹಾಕೋ ಸಣ್ಣ ಘಟಕದ ನೀರಿನ ವಿಚಾರ ಇದು. ದಿನಕ್ಕೆ 20 ಕೆ.ಜಿ. ನೂಲು. ಹೊರಗೆ ಬರೋ ನೀರು ಮೂರು ಥರ: ಸೋಪು, ಸೋಡಾ ಹಾಕಿ ಕುದಿಸಿ ಅಂಟು ತೆಗೆದ ನೀರು 500 ಲೀಟರ್, ಬಣ್ಣದ ಬಾನಿಯಲ್ಲಿ ಉಳಿದ ನೀರು 400 ಲೀಟರ್, ಲಡಿ ಜಾಲಿಸಿದ ನೀರು 1,200 ಲೀಟರ್.

ಬೆಳಕಿನಿಂದ ಕೆಲಸ ಮಾಡೋ ಕ್ಯಾಟಲಿಸ್ಟ್ (ತಾನು ಖರ್ಚಾಗದೆ ಕ್ರಿಯೆ ನಡೆಸೋ ವಸ್ತು) ಬಗ್ಗೆ ಓದಿ ಹೀಗೆ ಮಾಡಲಾಗಿದೆ. ಮೂರೂ ನೀರನ್ನ ಒಂದೇ ಸಿಮೆಂಟ್ ತೊಟ್ಟಿಗೆ ಬಿಟ್ಟು, ಒಂದು ಅಡಿ ಆಳ ತುಂಬಿಸಿ, ಪೇಂಟ್ ಸಾಮಾನಿನ ಅಂಗಡಿಯಿಂದ ತಂದ ಟೈಟಾನಿಯಂ ಡೈಆಕ್ಸೈಡ್ ಪುಡಿ ಲೀಟರಿಗೆ 5 ಗ್ರಾಂ ಹಾಕಿದೆ. ಧೂಳು ಬೀಳಬಾರದು ಅಂತ ಮೇಲೆ ಪಾಲಿಕಾರ್ಬೊನೇಟ್ ಶೀಟು. ಬೆಳಿಗ್ಗೆ 9ರಿಂದ 4ರವರೆಗೆ ಬಿಸಿಲು, ಗಂಟೆಗೊಮ್ಮೆ ಕೋಲಲ್ಲಿ ತಿರುವೋದು. ಎರಡು ದಿನ ಆದರೂ ಬಣ್ಣ ಸ್ವಲ್ಪ ತೆಳುವಾದಂಗೆ ಕಾಣ್ತದೆ ಅಷ್ಟೆ. ನೀರು ಹಾಲಿನಂಗೆ ಬೆಳ್ಳಗೆ ನಿಂತಿದೆ, ಪುಡಿ ತಳಕ್ಕೆ ಕೂರ್ತಿಲ್ಲ.

ಬೋರ್ ನೀರಿನ ಕ್ಷಾರೀಯತೆ ಲೀಟರಿಗೆ 400 ಮಿ.ಗ್ರಾಂ, ತೊಟ್ಟಿಯ ಪಿಎಚ್ 8.3. ಬಳಸೋದು ಆಸಿಡ್ ಬಣ್ಣಗಳು. ಕಪ್ಪು, ಗಾಢ ಮರೂನ್‌ಗೆ ಮೆಟಲ್ ಕಾಂಪ್ಲೆಕ್ಸ್ (ಒಳಗೆ ಲೋಹ ಇರೋ ಬಣ್ಣ). ಪುಡಿ ಇನ್ನೂ ಜಾಸ್ತಿ ಹಾಕಬೇಕಾ, ದಿನ ಜಾಸ್ತಿ ಬಿಡಬೇಕಾ? ತಿಳಿದವರು ದಯವಿಟ್ಟು ಹೇಳಿ.

ಕೋಟೆ ಕೆಮಿಸ್ಟ್, ಚಿತ್ರದುರ್ಗ:

ಪುಡಿ ಜಾಸ್ತಿ ಮಾಡಬೇಡಿ ಸರ್. ದಿನ ಜಾಸ್ತಿ ಬಿಟ್ಟರೂ ಉಪಯೋಗವಿಲ್ಲ. ನಿಮ್ಮ ತೊಟ್ಟಿಯಲ್ಲಿ ಬೆಳಕಿನ ಕ್ರಿಯೆ ಇನ್ನೂ ಶುರುವೇ ಆಗಿಲ್ಲ. ಬಣ್ಣ ತೆಳುವಾದಂತೆ ಕಂಡಿದ್ದಕ್ಕೆ ಒಂದು ಕಾರಣ ಜಾಲಿಸಿದ ನೀರು ಬೆರೆತದ್ದು, ಇನ್ನೊಂದು ಬಿಳಿ ಪುಡಿಯ ಹಿನ್ನೆಲೆ.

ಮೊದಲನೆಯದು ಪುಡಿಯ ಜಾತಿ. ಪೇಂಟ್ ಅಂಗಡಿಯ ಟೈಟಾನಿಯಂ ಸಾಮಾನ್ಯವಾಗಿ ರೂಟೈಲ್ ಎಂಬ ಹರಳಿನ ರೂಪ. ಬಿಸಿಲಿಗೆ ಗೋಡೆಯ ಬಣ್ಣ ಹುಡಿಯಾಗಿ ಉದುರಬಾರದೆಂದು ಅದರ ಪ್ರತಿ ಕಣಕ್ಕೂ ಅಲ್ಯೂಮಿನಾ, ಸಿಲಿಕಾ ಲೇಪ ಕೊಟ್ಟಿರುತ್ತಾರೆ. ಅಂದರೆ ಬೆಳಕಿನ ಕ್ರಿಯೆ ನಡೆಯದಂತೆ ತಡೆದೇ ಆ ಪುಡಿ ತಯಾರಾಗುವುದು. ನಿಮಗೆ ಬೇಕಾದದ್ದು ಲೇಪವಿಲ್ಲದ ಅನಾಟೇಸ್ ಎಂಬ ಇನ್ನೊಂದು ರೂಪ, ಇಲ್ಲವೇ ಪಿ25 ಎಂಬ ಹೆಸರಲ್ಲಿ ಸಿಗುವ ಮಿಶ್ರ ಪುಡಿ. ಪಿ25ರಲ್ಲಿ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಅನಾಟೇಸ್, ಉಳಿದದ್ದು ರೂಟೈಲ್. ಕಣ 20 ನ್ಯಾನೋಮೀಟರ್ ಆಸುಪಾಸು, ಒಂದು ಗ್ರಾಂ ಪುಡಿಯ ಮೇಲ್ಮೈ ಸುಮಾರು 50 ಚದರ ಮೀಟರ್. ಕೈಯಲ್ಲಿ ಹಿಡಿದರೆ ಹೊಗೆಯಂತೆ ಹಾರುತ್ತದೆ. ಎನ್95 ಮಾಸ್ಕ್ ಇಲ್ಲದೆ ಚೀಲ ಬಿಚ್ಚಬೇಡಿ. ಮೊದಲು ಒಂದು ಮಗ್ ನೀರಲ್ಲಿ ಕದಡಿಕೊಂಡು ಆಮೇಲೆ ತೊಟ್ಟಿಗೆ ಸುರಿಯಿರಿ.

ಅಗ್ಗವೆಂದು ಸತುವಿನ ಆಕ್ಸೈಡ್ ತರಬೇಡಿ. ಬಿಸಿಲಲ್ಲಿ ಕೆಲಸ ಮಾಡುತ್ತದೆ ನಿಜ, ಆದರೆ ಆಮ್ಲದ ನೀರಿನಲ್ಲಿ ಕರಗಿಬಿಡುತ್ತದೆ. ಒಳನಾಡಿನ ಮೇಲ್ಮೈ ನೀರಿಗೆ ಬಿಡುವಾಗ ಸತುವಿನ ಮಿತಿ ಲೀಟರಿಗೆ 5 ಮಿ.ಗ್ರಾಂ, ಅದು ಬೇಗ ದಾಟುತ್ತದೆ.

ಎರಡನೆಯದು ಶೀಟು. ಅನಾಟೇಸ್‌ಗೆ ಬೇಕಾದ ಶಕ್ತಿ 3.2 ಎಲೆಕ್ಟ್ರಾನ್ ವೋಲ್ಟ್. ಅಂದರೆ 387 ನ್ಯಾನೋಮೀಟರಿಗಿಂತ ಕಡಿಮೆ ತರಂಗಾಂತರದ ಬೆಳಕು, ಕಣ್ಣಿಗೆ ಕಾಣದ ನೇರಳಾತೀತ ಕಿರಣ. ಬಿಸಿಲಿನ ಒಟ್ಟು ಶಕ್ತಿಯಲ್ಲಿ ಅದರ ಪಾಲು ಶೇ. 4–5 ಮಾತ್ರ. ಪಾಲಿಕಾರ್ಬೊನೇಟ್ ಶೀಟು ತಡೆಯುವುದು ಸರಿಯಾಗಿ ಆ ಪಾಲನ್ನೇ. ಕೆಳಗೆ ಇಷ್ಟು ಬೆಳಕಿದೆಯಲ್ಲ ಅನಿಸುತ್ತದೆ, ಆದರೆ ಆ ಬೆಳಕು ಈ ಪುಡಿಗೆ ಕತ್ತಲೆ. ಫೈಬರ್ ಶೀಟೂ ಬೇಡ. ತೆರೆದಿಡುವುದೇ ಒಳ್ಳೆಯದು. ಮುಚ್ಚಲೇಬೇಕೆಂದರೆ 4 ಮಿ.ಮೀ. ಕಿಟಕಿ ಗಾಜು ಆಗಬಹುದು. 350 ನ್ಯಾನೋಮೀಟರಿನಿಂದ ಮೇಲಿನ ಬೆಳಕನ್ನು ಬಹುಪಾಲು ಬಿಡುತ್ತದೆ.

ಮೂರನೆಯದು ಆಳ ಮತ್ತು ಪ್ರಮಾಣ. ಲೀಟರಿಗೆ 1 ಗ್ರಾಂ ಪಿ25 ಇದ್ದರೆ ಸುಮಾರು ಒಂದು ಸೆಂಟಿಮೀಟರ್ ಇಳಿಯುವಷ್ಟರಲ್ಲಿ ನೇರಳಾತೀತ ಬೆಳಕು ಮುಗಿದುಹೋಗುತ್ತದೆ. 5 ಗ್ರಾಂ ಹಾಕಿ ಒಂದು ಅಡಿ ನಿಲ್ಲಿಸಿದರೆ ಮೇಲಿನ ತೆಳು ಪದರ ಬಿಟ್ಟು ಉಳಿದ ನೀರೆಲ್ಲ ನೆರಳಲ್ಲಿ. 2 ಸೆಂ.ಮೀ. ಆಳದ ತಟ್ಟೆಗೆ ಲೀಟರಿಗೆ 0.5 ಗ್ರಾಂ ಸಾಕು.

ನಾಲ್ಕನೆಯದು ನಮ್ಮ ಜಿಲ್ಲೆಯ ಬೋರ್ ನೀರು. ಪುಡಿಯ ಮೇಲೆ ಬೆಳಕಿನಿಂದ ಹುಟ್ಟುವ, ಸಿಕ್ಕಿದ್ದನ್ನೆಲ್ಲ ಆಕ್ಸಿಡೀಕರಿಸುವ ಚುರುಕು ಕಣವಾದ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಬಣ್ಣವನ್ನು ಒಡೆಯಬೇಕು. ನಿಮ್ಮ ನೀರಿನ ಕ್ಷಾರೀಯತೆಗೆ ಕಾರಣವಾದ ಬೈಕಾರ್ಬೊನೇಟ್ ಅದನ್ನು ನಡುವೆಯೇ ನುಂಗುತ್ತದೆ. ಪಿಎಚ್ ಏರಿ ಕಾರ್ಬೊನೇಟ್ ಆದರಂತೂ ನುಂಗುವ ವೇಗ 40 ಪಟ್ಟಿಗೂ ಹೆಚ್ಚು. ಇದರ ಜೊತೆಗೆ ಇನ್ನೊಂದು ತೊಡಕು: ಪಿಎಚ್ 6.5ರ ಆಸುಪಾಸಿನಲ್ಲಿ ಈ ಪುಡಿಯ ಮೈಮೇಲಿನ ವಿದ್ಯುದಾವೇಶ ಸೊನ್ನೆ. ಅದಕ್ಕಿಂತ ಕೆಳಗೆ ಧನ, ಮೇಲೆ ಋಣ. ಆಸಿಡ್ ಬಣ್ಣ ನೀರಿನಲ್ಲಿ ಋಣ. ಹಾಗಾಗಿ 8.3ರಲ್ಲಿ ಪುಡಿ ಬಣ್ಣವನ್ನು ದೂರ ತಳ್ಳುತ್ತದೆ, 4.5ರಲ್ಲಿ ಹತ್ತಿರ ಎಳೆದುಕೊಳ್ಳುತ್ತದೆ.

ಇಲ್ಲೇ ಬೇಸರದ ಸಂಗತಿ ಇರುವುದು. ನಿಮ್ಮ ಬಣ್ಣದ ಬಾನಿಯ ನೀರು ಅಸಿಟಿಕ್ ಆಸಿಡ್‌ನಿಂದಾಗಿ ಮೊದಲೇ 4–5ರಲ್ಲಿ ಇರುತ್ತದೆ, ಬೈಕಾರ್ಬೊನೇಟ್ ಆಗಲೇ ಗಾಳಿಗೆ ಹೋಗಿರುತ್ತದೆ. ಬೇಕಾದ ಪಿಎಚ್ ಪುಕ್ಕಟೆಯಾಗಿ ಸಿಕ್ಕಿತ್ತು. ಸೋಡಾ ನೀರು ಬೆರೆಸಿ ಅದನ್ನು ಕೆಡಿಸಿದ್ದೀರಿ. ಈಗಿನ ತೊಟ್ಟಿಯನ್ನು 4.5ಕ್ಕೆ ಇಳಿಸಬೇಕೆಂದರೆ ಬೋರ್ ನೀರಿನ ಕ್ಷಾರಕ್ಕೇ 500 ಲೀಟರಿಗೆ ಸುಮಾರು 110 ಮಿ.ಲೀ. ಗಾಢ ಸಲ್ಫ್ಯೂರಿಕ್ ಆಸಿಡ್ ಬೇಕು, ಸೋಡಾಗೆ ಬೇಕಾದದ್ದು ಬೇರೆ. ಬೇರ್ಪಡಿಸಿಟ್ಟರೆ ಆ ಖರ್ಚೇ ಇಲ್ಲ.

ದಾವಣಗೆರೆ ಲ್ಯಾಬ್:

ಮೇಲಿನವರು ಹೇಳಿದ್ದೆಲ್ಲ ಸರಿ. ಅದನ್ನೆಲ್ಲ ತಿದ್ದಿಕೊಂಡರೂ 2,100 ಲೀಟರ್ ನೀರು ಬಿಸಿಲಿನಿಂದ ಶುದ್ಧವಾಗುವುದಿಲ್ಲ. ಯಾಕೆಂದು ಲೆಕ್ಕ ಹಾಕಿ ನೋಡೋಣ.

ನೇರಳಾತೀತ ಬೆಳಕು ಚದರ ಮೀಟರಿಗೆ ಸರಾಸರಿ 30 ವಾಟ್ ಎಂದಿಟ್ಟುಕೊಳ್ಳಿ, ದಿನಕ್ಕೆ ಒಳ್ಳೆಯ ಬಿಸಿಲು 6 ಗಂಟೆ. ಅಲ್ಲಿಗೆ 648 ಕಿಲೋಜೂಲ್. 360 ನ್ಯಾನೋಮೀಟರ್ ಬೆಳಕಿನಲ್ಲಿ ಒಂದು ಮೋಲ್ ಫೋಟಾನಿಗೆ ಸುಮಾರು 332 ಕಿಲೋಜೂಲ್. ಅಂದರೆ ಒಂದು ಚದರ ಮೀಟರಿಗೆ ದಿನಕ್ಕೆ ಬೀಳುವುದು 2 ಮೋಲ್ ಫೋಟಾನ್. ಒಂದು ಫೋಟಾನಿಗೆ ಒಂದು ಎಲೆಕ್ಟ್ರಾನ್, ಒಂದು ಆಕ್ಸಿಜನ್ ಅಣುವಿಗೆ ನಾಲ್ಕು ಎಲೆಕ್ಟ್ರಾನ್. ಒಂದೂ ಫೋಟಾನ್ ವ್ಯರ್ಥವಾಗಲಿಲ್ಲ ಎಂದರೂ ತೆಗೆಯಲಾಗುವುದು 16 ಗ್ರಾಂ ಸಿಒಡಿ (ನೀರಿನ ಕೊಳೆಯನ್ನು ರಾಸಾಯನಿಕವಾಗಿ ಸುಡಲು ಬೇಕಾಗುವ ಆಕ್ಸಿಜನ್ ಲೆಕ್ಕ). ನಿಜವಾಗಿ ಸಿಗುವುದು ಅದರಲ್ಲಿ ನೂರಕ್ಕೆ ಕೆಲವೇ ಪಾಲು. ಶೇ. 5 ಎಂದು ಉದಾರವಾಗಿ ಹಿಡಿದರೂ ಚದರ ಮೀಟರಿಗೆ ಒಂದು ಗ್ರಾಂ ಕೂಡ ಇಲ್ಲ. ಇದು ಒರಟು ಲೆಕ್ಕ, ಆದರೆ ದಾರಿ ತೋರಿಸಲು ಸಾಕು.

ಈಗ ಅಂಟು ತೆಗೆದ ನೀರು ನೋಡಿ. ರೇಷ್ಮೆಯ ತೂಕದಲ್ಲಿ ಶೇ. 20–25 ಸೆರಿಸಿನ್ ಎಂಬ ಅಂಟು ಪ್ರೋಟೀನ್. 20 ಕೆ.ಜಿ. ನೂಲಿಗೆ 4–5 ಕೆ.ಜಿ. ಪ್ರೋಟೀನ್ ಆ 500 ಲೀಟರಲ್ಲಿ ಕರಗಿದೆ, ಮೇಲೆ ಸೋಪು. ಅದನ್ನು ಬೆಳಕಿನಿಂದ ಸುಡಲು ಎಕರೆಗಟ್ಟಲೆ ತಟ್ಟೆ ಬೇಕು. ಆದರೆ ಅದೇ ಸೆರಿಸಿನ್ ಬ್ಯಾಕ್ಟೀರಿಯಾಕ್ಕೆ ಮೃಷ್ಟಾನ್ನ. ಹಾಗಾಗಿ ಸೂಕ್ಷ್ಮಜೀವಿ ತಿನ್ನಲಾರದ್ದನ್ನಷ್ಟೇ ಬಿಸಿಲಿಗೆ ಕೊಡಿ. ನಿಮ್ಮಲ್ಲಿ ಅದು ಬಾನಿಯ 400 ಲೀಟರಲ್ಲಿ ಉಳಿದ ಬಣ್ಣ ಮಾತ್ರ. ಸೋಪಿನ ನೀರೂ ಜಾಲಿಸಿದ ನೀರೂ ಸಮಗೊಳಿಸುವ ತೊಟ್ಟಿಗೆ ಹೋಗಿ, ಪಿಎಚ್ 7–8ಕ್ಕೆ ಬಂದು, ಗಾಳಿ ಊದುವ ಜೈವಿಕ ತೊಟ್ಟಿಗೆ ಸೇರಲಿ.

ಬಾನಿಯ ನೀರಿನಲ್ಲೂ ಒಂದು ತೊಡಕಿದೆ. ಬಣ್ಣ ಹೋದರೂ ಸಿಒಡಿ ಇಳಿಯುವುದಿಲ್ಲ, ಯಾಕೆಂದರೆ ಅದರ ದೊಡ್ಡ ಪಾಲು ಅಸಿಟಿಕ್ ಆಸಿಡ್. ಒಂದು ಗ್ರಾಂಗೆ 1.07 ಗ್ರಾಂ ಸಿಒಡಿ, ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗೆ ಅದು ಜಗ್ಗುವುದೂ ನಿಧಾನ. ಇದನ್ನು ನೋಡಿ ಕ್ಯಾಟಲಿಸ್ಟ್ ಸೋತಿತು ಅಂದುಕೊಳ್ಳಬೇಡಿ. ಬಣ್ಣ ಒಡೆದ ನೀರನ್ನು ಜೈವಿಕ ತೊಟ್ಟಿಗೇ ಬಿಡಿ, ಅಸಿಟೇಟ್ ಅಲ್ಲಿ ಸುಲಭವಾಗಿ ಕರಗುತ್ತದೆ. ಕೊನೆಯಲ್ಲಿ ಲೀಟರಿಗೆ ಸಿಒಡಿ 250, ಬಿಒಡಿ (ಬ್ಯಾಕ್ಟೀರಿಯಾ ಕೊಳೆ ತಿನ್ನಲು ಬಳಸುವ ಆಕ್ಸಿಜನ್) 30 ಮಿ.ಗ್ರಾಂ, ಪಿಎಚ್ 6.5ರಿಂದ 8.5 ಎಂಬ ಮಿತಿಗೆ ತರುವುದು ಆ ತೊಟ್ಟಿಯ ಕೆಲಸ.

ಹಾಗೆಂದು ಬಣ್ಣ ಕಾಣೆಯಾದ ತಕ್ಷಣ ಬಿಸಿಲಿನಿಂದ ತೆಗೆಯಬೇಡಿ. ಏಜೋ ಬಣ್ಣದ ನಡುವಿನ ಜೋಡಿ ಸಾರಜನಕದ ಕೊಂಡಿ ಕಡಿದರೆ ಬಣ್ಣ ಹೋಗುತ್ತದೆ, ಎರಡು ಬದಿಯ ಇಂಗಾಲದ ಉಂಗುರಗಳು ಹಾಗೇ ಉಳಿದಿರುತ್ತವೆ. ಬಣ್ಣ ಹೋಗಲು ಹಿಡಿದಷ್ಟೇ ಹೊತ್ತು ಮತ್ತೆ ಬಿಡಿ.

ದೊಡ್ಡದು ಕಟ್ಟುವ ಮುಂಚೆ ತಟ್ಟೆಯಲ್ಲಿ ಪರೀಕ್ಷೆ ಮಾಡಿ. 40 × 50 ಸೆಂ.ಮೀ. ಟ್ರೇ, 4 ಲೀಟರ್ ಬಾನಿ ನೀರು, ಆಳ 2 ಸೆಂ.ಮೀ. ಪಿ25 2 ಗ್ರಾಂ. ಅಕ್ವೇರಿಯಂ ಪಂಪಿನ ಗಾಳಿ ಕಲ್ಲು ಒಂದು, ಯಾಕೆಂದರೆ ಪುಡಿಯಲ್ಲಿ ಎದ್ದ ಎಲೆಕ್ಟ್ರಾನನ್ನು ಎತ್ತಿಕೊಳ್ಳಲು ಆಕ್ಸಿಜನ್ ಬೇಕು. ಇಲ್ಲದಿದ್ದರೆ ಅದು ಬಂದ ಜಾಗಕ್ಕೇ ಮರಳುತ್ತದೆ. ಮೊದಲ 30 ನಿಮಿಷ ಕತ್ತಲಲ್ಲಿ ಮುಚ್ಚಿಡಿ. ಪುಡಿಯ ಮೈಗೆ ಅಂಟಿ ಮಾಯವಾಗುವ ಬಣ್ಣ ಎಷ್ಟೆಂದು ಆಗ ತಿಳಿಯುತ್ತದೆ. ಆಮೇಲೆ ಬಿಸಿಲಿಗೆ. ಪಕ್ಕದಲ್ಲಿ ಪುಡಿ ಹಾಕದ ಇನ್ನೊಂದು ಟ್ರೇ ಇರಲೇಬೇಕು, ಬರೀ ಬಿಸಿಲಿಗೇ ಮಾಸುವ ಬಣ್ಣಗಳೂ ಉಂಟು.

ಈ ಪರೀಕ್ಷೆ ಹೆಚ್ಚಾಗಿ ತಪ್ಪುವುದು ಎರಡು ಕಡೆ. ಒಂದು, ಆವಿ. 5 ಮಿ.ಮೀ. ನೀರು ಇಂಗಿದರೂ ಆ ಟ್ರೇಯಲ್ಲಿ 1 ಲೀಟರ್ ಹೋದಂತೆ, ಉಳಿದ ಬಣ್ಣ ಮೂರನೇ ಒಂದು ಪಾಲು ಗಾಢವಾಗಿ ಕಾಣುತ್ತದೆ. ಟ್ರೇ ಒಳಗೆ ಗೆರೆ ಎಳೆದಿಟ್ಟು, ಪ್ರತಿ ಸಲ ಸ್ಯಾಂಪಲ್ ತೆಗೆಯುವ ಮುಂಚೆ ಡಿಸ್ಟಿಲ್ಡ್ ನೀರಿನಿಂದ ಗೆರೆ ಮುಟ್ಟಿಸಿ. ಎರಡು, ಪುಡಿ. 0.45 ಮೈಕ್ರಾನ್ ಫಿಲ್ಟರ್ ಪಿ25ನ್ನು ಪೂರ್ತಿ ಹಿಡಿಯುವುದಿಲ್ಲ, 0.22 ಬಳಸಿ. ಸೋಸಿದ ನೀರನ್ನು ಸ್ಪೆಕ್ಟ್ರೋಫೋಟೋಮೀಟರಿನಲ್ಲಿ (ನೀರು ಎಷ್ಟು ಬೆಳಕು ಹೀರುತ್ತದೆಂದು ಅಳೆಯುವ ಉಪಕರಣ) 800 ನ್ಯಾನೋಮೀಟರಲ್ಲೂ ಓದಿಸಿ. ನಿಮ್ಮ ಬಣ್ಣ ಅಲ್ಲಿ ಬೆಳಕು ಹೀರುವಂಥದಲ್ಲ ಎಂದಾದರೆ ರೀಡಿಂಗ್ ಸೊನ್ನೆ ಬರಬೇಕು. ಬರದಿದ್ದರೆ ಪುಡಿ ಇನ್ನೂ ಇದೆ, ಬಣ್ಣದ ಲೆಕ್ಕವೂ ತಪ್ಪು.

ಈ ಟ್ರೇಗೆ ಗಂಟೆಗೆ ಲೀಟರಿಗೆ 5.4 ಕಿಲೋಜೂಲ್ ನೇರಳಾತೀತ ಬೀಳುತ್ತದೆ. ಬಣ್ಣ ಹೋಗಿ ಮತ್ತಷ್ಟು ಹೊತ್ತು ಬಿಟ್ಟು ಒಟ್ಟು ಐದೂವರೆ ಗಂಟೆ ಹಿಡಿಯಿತು ಎಂದಾದರೆ ಲೀಟರಿಗೆ 30 ಕಿಲೋಜೂಲ್. 648ನ್ನು 30ರಿಂದ ಭಾಗಿಸಿದರೆ ಚದರ ಮೀಟರಿಗೆ ದಿನಕ್ಕೆ 21 ಲೀಟರ್, 400 ಲೀಟರಿಗೆ 19 ಚದರ ಮೀಟರ್. ಒಂದು ತಾರಸಿಯ ಮೂಲೆಗೆ ಹಿಡಿಯುತ್ತದೆ.

ಕಪ್ಪು ಬಣ್ಣದ ದಿನ ಮಾತ್ರ ನೇರವಾಗಿ ತಟ್ಟೆಗೆ ಬಿಡಬೇಡಿ. ಬೆಳಕನ್ನು ಬಣ್ಣವೇ ನುಂಗಿದರೆ ಪುಡಿಗೆ ಏನೂ ಉಳಿಯುವುದಿಲ್ಲ. ಮೊದಲು ಪಟಿಕ ಹಾಕಿ ಗಸಿ ಇಳಿಸಿ. ಆರು ಬೀಕರಲ್ಲಿ ಲೀಟರಿಗೆ 100ರಿಂದ 600 ಮಿ.ಗ್ರಾಂ ಪಟಿಕ, ಪಿಎಚ್ 6–7, ಒಂದು ನಿಮಿಷ ಜೋರಾಗಿ, 15 ನಿಮಿಷ ನಿಧಾನವಾಗಿ ತಿರುವಿ ಅರ್ಧ ಗಂಟೆ ಬಿಡಿ. ತಿಳಿಯಾದ ನೀರಿನ ಹಿಂದೆ ಪೇಪರ್ ಹಿಡಿದರೆ ಅಕ್ಷರ ಓದಲು ಬರುವಷ್ಟಾದರೆ ತಟ್ಟೆಗೆ ಯೋಗ್ಯ. ತಟ್ಟೆಗೆ ಹೋಗುವಾಗ ಮತ್ತೆ 4.5ಕ್ಕೆ ಇಳಿಸಬೇಕು, ಆ ಆಸಿಡ್ ಖರ್ಚು ಗಾಢ ಬಣ್ಣಕ್ಕೆ ತಪ್ಪಿದ್ದಲ್ಲ.

ಮೊಳಕಾಲ್ಮೂರು ಮಗ್ಗ:

ಇಬ್ಬರಿಗೂ ತುಂಬಾ ಧನ್ಯವಾದ ಸರ್. ಮೂರು ನೀರೂ ಬೇರೆ ಮಾಡೋದು ಕಷ್ಟ ಇಲ್ಲ, ಒಂದು ಪೈಪು ಬದಲಾಯಿಸಿದರೆ ಆಯ್ತು. ಉಳಿದಿರೋದು ಎರಡು ಪ್ರಶ್ನೆ. ಪುಡಿ ವಾಪಸ್ ಹೇಗೆ ಹಿಡಿಯೋದು? ಗ್ರಾನೈಟ್ ಜಲ್ಲಿಗೋ ಗಾಜಿಗೋ ಅಂಟಿಸಿಬಿಟ್ಟರೆ ಆ ತೊಂದರೆಯೇ ಇರಲ್ಲ ಅಲ್ವಾ? ಇನ್ನೊಂದು, ಹೈಡ್ರೋಜನ್ ಪೆರಾಕ್ಸೈಡ್ ಸೇರಿಸಿದರೆ ಬೇಗ ಆಗ್ತದೆ ಅಂತಾರೆ, ನಿಜವಾ?

ಬಣ್ಣದ ಬಾನಿ:

ಪುಡಿ ಹಿಡಿಯುವುದು ಪಿಎಚ್ ಆಟ. ಬಿಸಿಲಿನ ಕೆಲಸ ಮುಗಿದ ಮೇಲೆ ಸುಣ್ಣದ ತಿಳಿ ಹಾಕಿ 6.5ಕ್ಕೆ ತನ್ನಿ. ಕಣಗಳ ಆವೇಶ ಹೋಗಿ ಒಂದಕ್ಕೊಂದು ಅಂಟಿ ಹಿಂಡಾಗುತ್ತವೆ, ರಾತ್ರಿ ಬಿಟ್ಟರೆ ಬೆಳಿಗ್ಗೆಗೆ ತಳದಲ್ಲಿ ಬಿಳಿ ಗಸಿ. ಮೇಲಿನ ತಿಳಿಯನ್ನು ತಳಕ್ಕಿಂತ ನಾಲ್ಕು ಬೆರಳು ಎತ್ತರದ ನಲ್ಲಿಯಿಂದ ಬಿಡಿ. ಗಸಿಯೇ ನಾಳೆಯ ಪುಡಿ. ನಾಳೆ ಬಾನಿಯ ಆಮ್ಲದ ನೀರು ಬಿದ್ದಾಗ ಮತ್ತೆ ಬಿಡಿಬಿಡಿಯಾಗುತ್ತದೆ. ನಿಮ್ಮ ತೊಟ್ಟಿಯಲ್ಲಿ 8.3ಕ್ಕೆ ಹಾಲಾಗಿ ನಿಂತದ್ದೂ ಇದೇ ಕಾರಣಕ್ಕೆ: ಎಲ್ಲ ಕಣವೂ ಋಣ, ಒಂದನ್ನೊಂದು ದೂಡುತ್ತವೆ, ಮೇಲೆ ಸೋಪು ಬೇರೆ. ಗಸಿ ಕಂದು ಬಣ್ಣಕ್ಕೆ ತಿರುಗಿದರೆ ಒಂದು ದಿನ ಬರೀ ನೀರಲ್ಲಿ ಬಿಸಿಲಿಗಿಡಿ, ತನ್ನ ಮೈ ತಾನೇ ತೊಳೆದುಕೊಳ್ಳುತ್ತದೆ. ಪಟಿಕದ ಲೋಳೆ ಬೆರೆತ ಗಸಿ ಮಾತ್ರ ಹಾಗೆ ಚೇತರಿಸುವುದಿಲ್ಲ. ಅದಕ್ಕೇ ಪಟಿಕದ ತೊಟ್ಟಿ ಬೇರೆ, ಪುಡಿಯ ತಟ್ಟೆ ಬೇರೆ ಇರಬೇಕು.

ಅಂಟಿಸುವುದಾದರೆ: ಪಿ25ನ್ನು ನೀರಲ್ಲಿ ಶೇ. 4ರಷ್ಟು ಕಲಸಿ, ನೈಟ್ರಿಕ್ ಆಸಿಡ್ ಹನಿಗಳಿಂದ ಪಿಎಚ್ 3ಕ್ಕೆ ತಂದು, ಮರಳು ಹೊಡೆಸಿ ಒರಟು ಮಾಡಿದ ಗಾಜನ್ನು ಅದ್ದಿ, ಒಣಗಿಸಿ, ಮೂರು ಸಲ ಹೀಗೇ ಮಾಡಿ, 450–500 ಡಿಗ್ರಿಯಲ್ಲಿ ಒಂದು ಗಂಟೆ ಸುಡಬೇಕು. ಕಿಟಕಿ ಗಾಜಾದರೆ ಆ ಶಾಖಕ್ಕೆ ಗಾಜಿನ ಸೋಡಿಯಂ ಪದರಕ್ಕೆ ಏರಿ ಶಕ್ತಿ ಕುಂದಿಸುತ್ತದೆ, ಬೊರೊಸಿಲಿಕೇಟ್ ಬೇಕು. ಜಲ್ಲಿಯ ಮೇಲೆ ಅಂಟುತ್ತದೆ, ಆದರೆ ಕಲ್ಲಿನ ಮೇಲ್ಭಾಗಕ್ಕಷ್ಟೇ ಬಿಸಿಲು. ಯಾವುದೇ ಪದರವಾದರೂ ನೀರು ಅದರ ಹತ್ತಿರ ಬರುವವರೆಗೆ ಕಾಯಬೇಕು, ಕದಡಿದ ಪುಡಿಗಿಂತ ನಿಧಾನ. ನಿಮ್ಮ 400 ಲೀಟರಿಗೆ ಕದಡಿದ ಪುಡಿಯೇ ಲೇಸು.

ಪೆರಾಕ್ಸೈಡ್ ವಿಚಾರ. ಶೇ. 30ರದ್ದು ಲೀಟರಿಗೆ 0.5ರಿಂದ 1 ಮಿ.ಲೀ. ಸಾಕು. ಅದು ಎಲೆಕ್ಟ್ರಾನನ್ನು ಆಕ್ಸಿಜನ್‌ಗಿಂತ ಚುರುಕಾಗಿ ಎತ್ತುತ್ತದೆ. ಅತಿಯಾದರೆ ಅದೇ ರ‍್ಯಾಡಿಕಲ್ ನುಂಗುತ್ತದೆ.

ಆದರೆ ಪೆರಾಕ್ಸೈಡಿಗೆ ದುಡ್ಡು ಹಾಕುವುದೇ ಆದರೆ ಟೈಟಾನಿಯಂ ಬಿಟ್ಟು ಬಿಸಿಲಿನ ಫೆಂಟನ್ (ಕಬ್ಬಿಣ, ಪೆರಾಕ್ಸೈಡ್ ಸೇರಿಸಿ ಬಣ್ಣ ಒಡೆಯುವ ವಿಧಾನ) ಮಾಡಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅಲ್ಲಿ ಆಕ್ಸಿಡೀಕರಣದ ಶಕ್ತಿ ಪೆರಾಕ್ಸೈಡಿನದು, ಬಿಸಿಲು ಕಬ್ಬಿಣವನ್ನು ಫೆರಿಕ್‌ನಿಂದ ಫೆರಸ್‌ಗೆ ತಿರುಗಿಸಿಕೊಟ್ಟರೆ ಸಾಕು. ದಾವಣಗೆರೆಯವರು ಹಾಕಿದ ಫೋಟಾನ್ ಲೆಕ್ಕದ ಬಿಗಿ ಅಲ್ಲಿ ಸಡಿಲವಾಗುತ್ತದೆ. ಲೀಟರಿಗೆ 20 ಮಿ.ಗ್ರಾಂ ಕಬ್ಬಿಣ, ಅಂದರೆ 400 ಲೀಟರಿಗೆ 40 ಗ್ರಾಂ ಹಸಿರು ಫೆರಸ್ ಸಲ್ಫೇಟ್ ಹರಳು. ಪಿಎಚ್ 2.8. ಮೂರರಿಂದ ಮೇಲೆ ಏರಿದಂತೆ ಕಬ್ಬಿಣ ತುಕ್ಕಿನ ಲೋಳೆಯಾಗಿ ಬಿದ್ದು ಕೆಲಸ ನಿಲ್ಲುತ್ತದೆ. ಪೆರಾಕ್ಸೈಡ್ ಲೆಕ್ಕ: 1 ಗ್ರಾಂ ಸಿಒಡಿಗೆ 2.125 ಗ್ರಾಂ. ಸಿಒಡಿ ಲೀಟರಿಗೆ 400 ಮಿ.ಗ್ರಾಂ ಇದ್ದರೆ 400 ಲೀಟರಿಗೆ 340 ಗ್ರಾಂ, ಶೇ. 50ರ ದ್ರಾವಣದಲ್ಲಿ ಸುಮಾರು 570 ಮಿ.ಲೀ. ಇದು ಮೇಲ್ಮಿತಿ. ಅಸಿಟಿಕ್ ಆಸಿಡನ್ನು ಬ್ಯಾಕ್ಟೀರಿಯಾಕ್ಕೆ ಬಿಡುವುದರಿಂದ ಅರ್ಧದಿಂದ ಶುರು ಮಾಡಿ, ನಾಲ್ಕು ಕಂತಲ್ಲಿ ಹಾಕಿ. ಒಂದೇ ಸಲ ಸುರಿದರೆ ನೊರೆಯೆದ್ದು ಆಕ್ಸಿಜನ್ ಆಗಿ ಹಾರಿಹೋಗುತ್ತದೆ. ಕನ್ನಡಕ, ಕೈಗವಸು ಬೇಕೇ ಬೇಕು, ಶೇ. 50ರದ್ದು ಚರ್ಮಕ್ಕೆ ತಗುಲಿದ ಕಡೆ ಬೆಳ್ಳಗೆ ಸುಡುತ್ತದೆ.

ಕೋಟೆ ಕೆಮಿಸ್ಟ್, ಚಿತ್ರದುರ್ಗ:

ಫೆಂಟನ್ ಮಾಡುವುದಾದರೂ ಟೈಟಾನಿಯಂಗೆ ಪೆರಾಕ್ಸೈಡ್ ಸೇರಿಸುವುದಾದರೂ ಮೆಟಲ್ ಕಾಂಪ್ಲೆಕ್ಸ್ ದಿನದ ನೀರಿಗೆ ಒಂದು ಎಚ್ಚರ ಬೇಕೇ ಬೇಕು, ಯಾರೂ ಹೇಳಿಲ್ಲ. ಆ ಬಣ್ಣಗಳ ನಡುವೆ ಕ್ರೋಮಿಯಂ ಅಥವಾ ಕೋಬಾಲ್ಟ್ ಕೂತಿರುತ್ತದೆ. ಬಣ್ಣ ಒಡೆದಾಗ ಲೋಹ ಸುಡುವುದಿಲ್ಲ, ಬಿಡುಗಡೆಯಾಗಿ ನೀರಿಗೆ ಬರುತ್ತದೆ. ಕ್ರೋಮಿಯಂ ಮೂರರ ಸ್ಥಿತಿಯಲ್ಲಿದ್ದರೆ (ಆಕ್ಸಿಡೀಕರಣ ಸಂಖ್ಯೆ 3) ಸುಣ್ಣ ಹಾಕಿ 8.5ಕ್ಕೆ ತಂದಾಗ ಹಸಿರು ಲೋಳೆಯಾಗಿ ಇಳಿಯುತ್ತದೆ. ಆದರೆ ನೀರಲ್ಲಿ ಪೆರಾಕ್ಸೈಡ್ ಉಳಿದಿರುವಾಗಲೇ ಸುಣ್ಣ ಹಾಕಿದರೆ, ಕ್ಷಾರದಲ್ಲಿ ಅದು ಮೂರನ್ನು ಆರಕ್ಕೆ ಏರಿಸುತ್ತದೆ. ಆರರದ್ದು ಸುಣ್ಣಕ್ಕೆ ಇಳಿಯುವುದಿಲ್ಲ, ವಿಷವೂ ಹೆಚ್ಚು. ಮಿತಿ ಲೀಟರಿಗೆ 0.1 ಮಿ.ಗ್ರಾಂ, ಒಟ್ಟು ಕ್ರೋಮಿಯಂಗೆ 2.

ಆದ್ದರಿಂದ ಸುಣ್ಣಕ್ಕೆ ಮುಂಚೆ, ನೀರು ಇನ್ನೂ ಆಮ್ಲೀಯವಾಗಿರುವಾಗಲೇ, ಪೆರಾಕ್ಸೈಡ್ ಪಟ್ಟಿ ಅದ್ದಿ ನೋಡಿ. ನೀಲಿ ಬಂದರೆ ಸೋಡಿಯಂ ಮೆಟಾಬೈಸಲ್ಫೈಟ್ ಸ್ವಲ್ಪ ಸ್ವಲ್ಪವೇ ಹಾಕುತ್ತಾ ನೀಲಿ ಬರುವುದು ನಿಲ್ಲಿಸಿ. ಅದು ಪೆರಾಕ್ಸೈಡನ್ನೂ ಕೊಲ್ಲುತ್ತದೆ, ಆಮ್ಲದಲ್ಲಿ ಆರರ ಕ್ರೋಮಿಯಂ ಇದ್ದರೆ ಮೂರಕ್ಕೂ ಇಳಿಸುತ್ತದೆ. ಗಾಳಿಯಾಡುವ ಕಡೆ ಮಾಡಿ, ಗಂಧಕದ ಘಾಟು ಬರುತ್ತದೆ. ಆಮೇಲೆ ಸುಣ್ಣ. ತಿಳಿಯಾದ ನೀರಿಗೆ ಆರರ ಕ್ರೋಮಿಯಂ ಪತ್ತೆಹಚ್ಚುವ ಡೈಫಿನೈಲ್ ಕಾರ್ಬಜೈಡ್ ಪರೀಕ್ಷೆ. ನೇರಳೆ ಛಾಯೆ ಬಂದರೆ ಆ ನೀರು ಮುಂದೆ ಹೋಗಬಾರದು. ಆ ಲೋಳೆಯನ್ನು ತಿಪ್ಪೆಗೆ ಎಸೆಯಬೇಡಿ, ಅಪಾಯಕಾರಿ ತ್ಯಾಜ್ಯ ಎಂದು ಲೆಕ್ಕ ಇಟ್ಟು, ಒಣಗಿಸಿ, ಮಾಲಿನ್ಯ ನಿಯಂತ್ರಣ ಮಂಡಳಿ ಒಪ್ಪಿದ ಕಡೆಗೇ ಕಳಿಸಬೇಕು. ಇನ್ನೂ ಒಳ್ಳೆಯದೆಂದರೆ ಆ ಎರಡು ಬಣ್ಣಕ್ಕೆ ಲೋಹವಿಲ್ಲದ ಮಿಲ್ಲಿಂಗ್ ಆಸಿಡ್ ಬಣ್ಣ ಹುಡುಕಿ, ತೊಳೆದರೆ ಬಣ್ಣ ಬಿಡುತ್ತದೆಯೇ ಎಂದು ಒಂದು ಲಡಿಯಲ್ಲಿ ನೋಡಿ.

ದಾವಣಗೆರೆ ಲ್ಯಾಬ್:

ಇದಕ್ಕೆ ಒಂದೇ ಸೇರ್ಪಡೆ. ಉಳಿದ ಪೆರಾಕ್ಸೈಡ್ ಸಿಒಡಿ ಪರೀಕ್ಷೆಯನ್ನೂ ಕೆಡಿಸುತ್ತದೆ, 1 ಮಿ.ಗ್ರಾಂ ಪೆರಾಕ್ಸೈಡ್ 0.47 ಮಿ.ಗ್ರಾಂ ಸಿಒಡಿಯಂತೆ ತೋರಬಹುದು. ಉಳಿದ ಬೈಸಲ್ಫೈಟೂ ಹಾಗೇ ಸುಳ್ಳು ಸಿಒಡಿ ಕೊಡುತ್ತದೆ. ಹಾಗಾಗಿ ಲ್ಯಾಬಿಗೆ ಕಳಿಸುವ ಬಾಟಲಿಗೆ ನೀರನ್ನು ಬೈಸಲ್ಫೈಟ್ ಹಾಕುವ ಮುಂಚೆಯೇ ತುಂಬಿಸಿ, ಪಿಎಚ್ 7ಕ್ಕೆ ತಂದು ಕೆಟಲೇಸ್ ಕಿಣ್ವ ಒಂದೆರಡು ಹನಿ ಹಾಕಿ, ಗುಳ್ಳೆ ನಿಂತ ಮೇಲೆ ಮುಚ್ಚಳ ಹಾಕಿ. ಜೈವಿಕ ತೊಟ್ಟಿಗೆ ಬಿಡುವ ನೀರಿಗೂ ಅದೇ ಪಟ್ಟಿ ಅದ್ದಿ ನೋಡಿ, ಪೆರಾಕ್ಸೈಡ್ ಆ ತೊಟ್ಟಿಯೊಳಗೆ ಸೇರಿದರೆ ಅಲ್ಲಿನ ಬ್ಯಾಕ್ಟೀರಿಯಾ ಸಾಯುತ್ತವೆ, ಮತ್ತೆ ಬೆಳೆಸಿಕೊಳ್ಳಲು ವಾರಗಳು ಬೇಕು.

ನಿಮ್ಮ ಟ್ರೇ ಪರೀಕ್ಷೆಯ ರೀಡಿಂಗ್, ಬಣ್ಣದ ಹೆಸರು, ಪಿಎಚ್ ಇಲ್ಲೇ ಹಾಕಿ. ತಟ್ಟೆಯ ಅಳತೆ ಅದನ್ನು ನೋಡಿ ಹೇಳಬಹುದು.